ಮಳೆಗಾಲದಲ್ಲಿ ಝೂಮ್ ಕಾಲ್ ಕಟ್ ಆಗ್ತಿದ್ದಿದ್ದು ಹೀಗೆ ಸರಿಯಾಯ್ತು

ನಮ್ದು ಮಡಿಕೇರಿ ಹತ್ರ ಕಾಫಿ ತೋಟ, ಪುಡಿ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡ್ತೀವಿ. ಮೊದ್ಲು ಆರ್ಡರ್ ಮಾತಾಡೋಕೇ ಸುಮಾರು 120 ಕಿಮೀ ಹೋಗಿ ಬರ್ಬೇಕಿತ್ತು, ಒಂದು ದಿನ ಅದಕ್ಕೇ ಮುಗೀತಿತ್ತು, ಹಾಗಾಗಿ ಝೂಮ್‌ಗೆ ಬಂದ್ವಿ. ಆದ್ರೆ ಜುಲೈ ಮಳೇಲಿ ಕರೆಂಟ್ ಹೋದಾಗೆಲ್ಲ, ಇನ್ವರ್ಟರ್ ಇದ್ರೂ ಅದು ಆನ್ ಆಗೋ ಅಷ್ಟರಲ್ಲಿ ರೂಟರ್ ಆಫ್ ಆಗಿ ಮತ್ತೆ ಶುರುವಾಗೋದು, ಕಾಲ್ ಕಟ್. ಎರಡು ವಾರ ನೆಟ್‌ದೇ ತಪ್ಪು ಅನ್ಕೊಂಡಿದ್ದೆ.

ರೂಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್, ಅಂದ್ರೆ ಕರೆಂಟ್ ಹೋದ್ರೂ ರೂಟರ್ ಆಫ್ ಆಗದ ಹಾಗೆ ನೋಡ್ಕೊಳ್ಳೋ ಚಿಕ್ಕ ಬ್ಯಾಟರಿ, ಹಾಕ್ದೆ (ನಿಮ್ಮ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರ್ದಿದೆ ಅಂತ ನೋಡೇ ತಗೊಳ್ಳಿ, ಕೆಲವು 9 ಇರುತ್ವೆ), ಲ್ಯಾಪ್‌ಟಾಪ್‌ಗೆ ವೈಫೈ ಬಿಟ್ಟು ಕೇಬಲ್ ಕೊಟ್ಟೆ, ನೆಟ್ ಸ್ಲೋ ಆದ್ರೆ ವಿಡಿಯೋ ಆಫ್ ಮಾಡಿ ಬರೀ ಮಾತು. ಫ್ರೀ ಪ್ಲಾನಲ್ಲಿ 40 ನಿಮಿಷ ಅಷ್ಟೇ ಅಲ್ವಾ, ಅದಕ್ಕೆ ರೇಟು, ಸ್ಯಾಂಪಲ್ ಫೋಟೋ ಎಲ್ಲ ಹಿಂದಿನ ರಾತ್ರಿನೇ ವಾಟ್ಸಾಪ್ ಮಾಡ್ತೀನಿ. ಈಗ ಅರ್ಧ ಗಂಟೇಲಿ ಮಾತು ಮುಗ್ದು ತೋಟಕ್ಕೆ ಹೋಗ್ತೀನಿ.