10 ಲಕ್ಷ ಸಲ ಓಡಿಸಿ ಬರೆದ ಸಿ ಎಪಿಐ ಕೈಪಿಡಿ

ಪೈಥಾನ್‌ನ ಸಿ ಎಪಿಐಗೆ (ಸಿ ಭಾಷೆಯ ಕೋಡಿನಿಂದ ಪೈಥಾನ್ ವಸ್ತುಗಳನ್ನು ಬಳಸುವ ಫಂಕ್ಷನ್ನುಗಳಿಗೆ) ಕನ್ನಡದಲ್ಲಿ ಕೈಪಿಡಿ ಬರೆಯುತ್ತೇನೆ ಅಂದಾಗ ಶಿವಮೊಗ್ಗದ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಮಾರಾಯ, ಇಂಗ್ಲಿಷಿನಲ್ಲಿ ಇರೋದನ್ನೇ ಯಾರೂ ಓದಲ್ಲ" ಅಂದರು. ಈಗ ಕೋಡ್ ಕ್ರ್ಯಾಶ್ ಆದರೆ ಅವರೇ ಮೊದಲು ನನ್ನ ಪುಟ ತೆಗೆಯುತ್ತಾರೆ.

ಶುರುವಾದದ್ದು ಅಡಿಕೆ ವಿಂಗಡಿಸುವ ಯಂತ್ರದಿಂದ. ಕ್ಯಾಮೆರಾ ಲೈಬ್ರರಿ ಸಿಯಲ್ಲಿ, ಉಳಿದದ್ದೆಲ್ಲ ಪೈಥಾನ್. ಹಿಂದೆ ಯಾರೋ ಬರೆದಿಟ್ಟ ಕೋಡ್. ಬೆಳಿಗ್ಗೆ ಚೆನ್ನಾಗಿ ಓಡಿದ ಯಂತ್ರ ಸಂಜೆಗೆ ಮೆಮೊರಿ ತುಂಬಿ ನಿಲ್ಲುತ್ತಿತ್ತು. ಕೊಯ್ಲಿನ ಸಮಯ ಬೇರೆ. ಗಿರಾಕಿ ನಲವತ್ತು ಸಾವಿರದಷ್ಟು ಬಾಕಿ ಹಿಡಿದುಕೊಂಡರು. ಕೊನೆಗೆ ಸಿಕ್ಕಿದ್ದು ಒಂದೇ ಸಾಲು. ಒಂದು ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅಂತ ಪೈಥಾನ್ ಲೆಕ್ಕ ಇಡುತ್ತದೆ, ಒಂದೊಂದು ಹಿಡಿತವೂ ಒಂದು ರೆಫರೆನ್ಸ್. ಲೆಕ್ಕ ಸೊನ್ನೆಗೆ ಇಳಿದರೆ ಮೆಮೊರಿ ಬಿಡುಗಡೆ. ಲಿಸ್ಟಿಗೆ ವಸ್ತು ಹಾಕುವ ಫಂಕ್ಷನ್ನುಗಳಲ್ಲಿ ಪೈಲಿಸ್ಟ್_ಸೆಟ್‌ಐಟಮ್ ನಿಮ್ಮ ರೆಫರೆನ್ಸನ್ನು ತಾನೇ ತೆಗೆದುಕೊಳ್ಳುತ್ತದೆ. ಪೈಲಿಸ್ಟ್_ಅಪೆಂಡ್ ತೆಗೆದುಕೊಳ್ಳುವುದಿಲ್ಲ, ನಿಮ್ಮದನ್ನು ನೀವೇ ಡಿಕ್ರೆಫ್ ಮಾಡಬೇಕು, ಅಂದರೆ ಲೆಕ್ಕ ಒಂದು ಇಳಿಸಬೇಕು. ಅಲ್ಲಿ ಮಾಡಿರಲಿಲ್ಲ. ಒಂದೊಂದು ಅಡಿಕೆಗೂ ಒಂದೊಂದು ಸಂಖ್ಯೆ ಸೋರುತ್ತಿತ್ತು.

ಇಂಥ ನಿಯಮಗಳನ್ನು ಹೇಳಲು ಮೊದಲು ಬಣ್ಣದ ಕೋಷ್ಟಕ ಮಾಡಿದೆ, ಯಾರೂ ನೋಡಲಿಲ್ಲ. ಆಮೇಲೆ ವಿಡಿಯೋ. ಎಡಿಟಿಂಗ್‌ಗೇ ಹದಿನೈದು ಸಾವಿರದ ಹತ್ತಿರ ಹೋಯಿತು. ಪೈಥಾನ್‌ನ ಹೊಸ ಆವೃತ್ತಿ ಬಂದದ್ದೇ ಅರ್ಧ ವಿಡಿಯೋ ಹಳತಾಯಿತು. ತಿದ್ದುವುದಕ್ಕೂ ಬರುವುದಿಲ್ಲ.

ಕೈ ಹಿಡಿದದ್ದು ಈ ಕ್ರಮ: ಪ್ರತಿ ಫಂಕ್ಷನ್‌ಗೆ ಒಂದು ಪುಟ್ಟ ಸಿ ಉದಾಹರಣೆ. ಅದನ್ನು 10 ಲಕ್ಷ ಸಲ ಓಡಿಸಿ, ಮೆಮೊರಿ ಮೊದಲೆಷ್ಟು, ಆಮೇಲೆಷ್ಟು ಅಂತ ನೋಡುವುದು. ಏರಿದರೆ ಆ ಫಂಕ್ಷನ್ ಬಗ್ಗೆ ನಾನು ಬರೆದ ವಾಕ್ಯ ಪುಟಕ್ಕೆ ಸೇರುವುದಿಲ್ಲ. ಡಿಕ್ರೆಫ್ ಜಾಸ್ತಿಯಾದದ್ದನ್ನು ಹಿಡಿಯಲು ಪೈಥಾನ್‌ಮ್ಯಾಲಕ್=ಮ್ಯಾಲಕ್ ಕೊಟ್ಟು (ಪೈಥಾನ್ ತನ್ನದರ ಬದಲು ಸಿಯ ಮೆಮೊರಿ ಹಂಚಿಕೆ ಬಳಸಲಿ ಅಂತ) ಅಡ್ರೆಸ್ ಸ್ಯಾನಿಟೈಸರ್ ಹಾಕುತ್ತೇನೆ. ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಅದು ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರ. ಉದಾಹರಣೆಯಲ್ಲಿ 5 ಅನ್ನುವ ಸಂಖ್ಯೆ ಬಳಸಬೇಡಿ. ಕನಿಷ್ಠ -5ರಿಂದ 256ರವರೆಗಿನ ಸಂಖ್ಯೆಗಳನ್ನು ಪೈಥಾನ್ ಮೊದಲೇ ಮಾಡಿಟ್ಟಿರುತ್ತದೆ. ಪೈಥಾನ್ 3.12ರಿಂದ ಅವುಗಳ ರೆಫರೆನ್ಸ್ ಲೆಕ್ಕವೂ ಅಲುಗಾಡುವುದಿಲ್ಲ. ಎಷ್ಟು ಸೋರಿದರೂ ಮೆಮೊರಿ ಸುಮ್ನೆ ಇರುತ್ತದೆ. ಅದೇ ಕೋಡ್‌ಗೆ 100000 ಕೊಡಿ, 30 ಎಂಬಿ ಆಸುಪಾಸು ಏರುತ್ತದೆ. ಒಂದೊಂದಕ್ಕೆ 32 ಬೈಟ್ ಜಾಗ, ಲೆಕ್ಕ ಸರಿಹೋಗುತ್ತದೆ ಅಲ್ವಾ?

ನಡುವೆ ಸ್ಟ್ರಿಂಗ್ ಕಡೆಗೂ ಹೋದೆ. ಲೇಬಲ್ ಪ್ರಿಂಟರ್‌ಗೆ ಅಡಿಕೆ ಬಗೆಗಳ ಹೆಸರಲ್ಲಿ 'ರಾಶಿ', 'ಸರಕು' ಸಲೀಸಾಗಿ ಹೋದವು. 'ಗೊರಬಲು' ಮಾತ್ರ 'ಗೊರಬಲ' ಅಂತ ಬಂತು, ಕೊಂಬು ಮಾಯ. ಕಣ್ಣಿಗೆ ನಾಲ್ಕಕ್ಷರ. ಪೈಯೂನಿಕೋಡ್_ಗೆಟ್‌ಲೆಂಗ್ತ್ ಕೇಳಿದರೆ 6, ಸ್ವರಚಿಹ್ನೆಗಳೂ ಬೇರೆ ಬೇರೆ ಲೆಕ್ಕ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ 18 ಬೈಟ್. ಡ್ರೈವರ್‌ನ ಬಫರ್ 16 ಬೈಟ್, ಅದರಲ್ಲಿ ಕೊನೆಯದು ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ಸೊನ್ನೆಗೆ. ಇದರಿಂದ ಪೈಯೂನಿಕೋಡ್_ಆ್ಯಸ್‌ಯುಟಿಎಫ್8 ಪುಟ ತುಂಬಾ ಚೆನ್ನಾಗಿ ಬಂತು. ಅದು ಕೊಡುವ ಪಾಯಿಂಟರ್ ಆ ಸ್ಟ್ರಿಂಗ್‌ನ ಸ್ವತ್ತು. ನೀವು ಫ್ರೀ ಮಾಡುವ ಹಾಗಿಲ್ಲ. ಸ್ಟ್ರಿಂಗ್ ಹೋದಮೇಲೆ ಮುಟ್ಟುವ ಹಾಗೂ ಇಲ್ಲ.

ಕಷ್ಟದ ಭಾಗ ಅಂದರೆ ಫಂಕ್ಷನ್ ಸೋತಾಗ ರೆಫರೆನ್ಸ್ ಯಾರದ್ದು ಅನ್ನುವುದು. ಪೈಲಿಸ್ಟ್_ಸೆಟ್‌ಐಟಮ್ ಸೋತರೂ ನಿಮ್ಮದನ್ನು ತೆಗೆದುಕೊಂಡಿರುತ್ತದೆ. ಪೈಮಾಡ್ಯೂಲ್_ಆ್ಯಡ್‌ಆಬ್ಜೆಕ್ಟ್ ಗೆದ್ದರೆ ಮಾತ್ರ ತೆಗೆದುಕೊಳ್ಳುತ್ತದೆ. ಬೇಕಾದ ಕಡೆ, ಬೇಕಾದ ಹೊತ್ತಿಗೆ ಸೋಲಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಸದ್ಯ ನನ್ನ ಹೊಟ್ಟೆಪಾಡು ಅದರ ಮೇಲೆ ನಡೆಯುತ್ತಿದೆ.

ಗಿರಾಕಿಯ ಬಾಕಿ ಬಂತು. ಇನ್ನೆರಡು ಕಡೆಯಿಂದ ಇಂಥದ್ದೇ ಕೆಲಸ ಸಿಕ್ಕಿ, ಎಲ್ಲ ಸೇರಿ ಒಂದೂವರೆ ಲಕ್ಷದಷ್ಟಾಯಿತು. ಇಷ್ಟು ಚೊಕ್ಕವಾಗಿ ಪರೀಕ್ಷೆ ಮಾಡಿ ಬರೆದದ್ದು ನಮ್ಮ ಕಡೆ ನಾನು ಬೇರೆ ನೋಡಿಲ್ಲ.

ಈಗ 3.13ರಲ್ಲಿ ಬಂದ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಬಿಲ್ಡ್ ಹಿಡಿದಿದ್ದೇನೆ. ಒಂದು ಥ್ರೆಡ್ ಲಿಸ್ಟ್ ಓದುತ್ತದೆ, ಇನ್ನೊಂದು ಅದೇ ಲಿಸ್ಟ್ ಖಾಲಿ ಮಾಡುತ್ತದೆ. ಪೈಲಿಸ್ಟ್_ಗೆಟ್‌ಐಟಮ್ ಕೊಟ್ಟ ರೆಫರೆನ್ಸ್ ನಮ್ಮದಲ್ಲವಲ್ಲ, ಬಳಸುವಷ್ಟರಲ್ಲಿ ವಸ್ತುವೇ ಹೋಗಿರಬಹುದು. ಅದಕ್ಕೇ ಪೈಲಿಸ್ಟ್_ಗೆಟ್‌ಐಟಮ್‌ರೆಫ್ ತಂದಿದ್ದಾರೆ. ಮುಂದಿನ ಪುಟ ಅದರದ್ದು.