ಪ್ರೀರಿಜಿಸ್ಟ್ರೇಶನ್ ಮಾಡಿ ನಾನೇ ಸಿಕ್ಕಾಕೊಂಡಿದ್ದು

ಸೈಕಾಲಜೀಲಿ ಪಿಎಚ್‌ಡಿ ಶುರು ಮಾಡ್ದಾಗ 2015ರ ಆ ರಿಪ್ಲಿಕೇಶನ್ ಪೇಪರ್ ಓದಿದ್ದೆ, ಹಳೇ 100 ಸ್ಟಡಿಗಳನ್ನ ಮತ್ತೆ ಮಾಡಿ ನೋಡಿದ್ರೆ ಮೂಲದಲ್ಲಿ ಶೇ. 97ರಷ್ಟು ಸಿಗ್ನಿಫಿಕೆಂಟ್ (ಆಕಸ್ಮಿಕ ಅಂತ ತಳ್ಳಿಹಾಕೋಕಾಗದ ರಿಸಲ್ಟ್) ಇದ್ದಿದ್ದು ಶೇ. 36ಕ್ಕೆ ಇಳಿದಿತ್ತು. ಯಾರೋ ಕಳ್ಳಾಟ ಆಡಿದಾರೆ ಬಿಡು, ನಾವು ಅಂಥೋರಲ್ಲ ಅಂದ್ಕೊಂಡು ಸುಮ್ನಾದೆ.

ಆಮೇಲೆ ನಂದೇ ರಿಯಾಕ್ಷನ್ ಟೈಮ್ ಸ್ಟಡಿ. ಡೇಟಾ ತಗೊಳೋಕೆ ಮುಂಚೆ ಓಎಸ್‌ಎಫ್ ಅನ್ನೋ ರಿಸರ್ಚ್ ವೆಬ್‌ಸೈಟಲ್ಲಿ ಪ್ರೀರಿಜಿಸ್ಟ್ರೇಶನ್ ಫಾರ್ಮ್ ತುಂಬಿದೆ, ಅಂದ್ರೆ ಏನೇನು ಮಾಡ್ತೀವಿ ಅಂತ ಮೊದ್ಲೇ ಬರೆದಿಡೋದು: ಹೈಪಾಥಿಸಿಸ್ ಏನು, ಎಷ್ಟು ಜನ, ಯಾವ ಟೆಸ್ಟ್. ಒಂದೇ ಸಂಜೇಲಿ ಮುಗೀತು, ಅಲ್ಲೇ ಅನುಮಾನ ಬರ್ಬೇಕಿತ್ತು. ಯಾವ ಡೇಟಾ ತೆಗೆದು ಹಾಕ್ತೀರಿ ಅನ್ನೋ ಕಡೆ 'ತುಂಬಾ ಸ್ಲೋ ಇರೋ ರೆಸ್ಪಾನ್ಸ್' ಅಂತಷ್ಟೇ ಬರ್ದಿದ್ದೆ. ಎಷ್ಟು ಸ್ಲೋ?

ಡೇಟಾ ಬಂತು. ಸರಾಸರಿಯಿಂದ 3 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಡೇಟಾ ಎಷ್ಟು ಹರಡಿದೆ ಅನ್ನೋ ಅಳತೆ) ದಾಟಿದ್ದನ್ನ ತೆಗೆದ್ರೆ ಪಿ ವ್ಯಾಲ್ಯೂ 0.08, 2.5 ಎಸ್‌ಡಿ ಅಂದ್ರೆ 0.04. ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಬಂದ್ರೇನೇ ಸಿಗ್ನಿಫಿಕೆಂಟ್ ಅನ್ನೋದು. ತಮಾಷೆ ಏನಂದ್ರೆ ನಾವು ಮೊದ್ಲೇ 2.5 ಅಂತ ಮಾತಾಡ್ಕೊಂಡಿದ್ವಿ ಅನ್ನೋದು ನಂಗೆ ಚೆನ್ನಾಗಿ ನೆನಪಿತ್ತು, ಸುಳ್ಳು ಹೇಳ್ತಿರ್ಲಿಲ್ಲ, ನಿಜವಾಗ್ಲೂ ನೆನಪಿತ್ತು. ಗೈಡ್ ಮೇಡಂ "ಫೈಲ್ ತೆಗಿ, ನೋಡೋಣ" ಅಂದ್ರು. ಫೈಲಲ್ಲೂ ಇಲ್ಲ, ಹಳೇ ಮೇಲ್‌ಗಳಲ್ಲೂ ಇಲ್ಲ. ರಿಸಲ್ಟ್ ನೋಡಿದ್ಮೇಲೆ ಹುಟ್ಟಿದ ನೆನಪು ಅದು! ಮೆಮೊರಿ ಬಗ್ಗೆ ಓದೋರಿಗೇ ಹೀಗೆ. ಕೊನೆಗೆ ಎರಡೂ ರಿಸಲ್ಟ್ ಪೇಪರಲ್ಲಿ ಹಾಕಿ, ಕಟ್‌ಆಫ್ ಮೊದ್ಲೇ ನಿರ್ಧಾರ ಮಾಡಿರ್ಲಿಲ್ಲ ಅಂತಾನೂ ಬರ್ದ್ವಿ.

ಎರಡನೇ ಸ್ಟಡಿಗೆ ಬೇರೆ ದಾರಿ ಹಿಡ್ದೆ. ರಿಜಿಸ್ಟರ್ ಮಾಡೋಕೆ ಮುಂಚೆ ಸುಮ್ನೆ ಒಂದು ನಕಲಿ ಡೇಟಾಸೆಟ್ ಮಾಡ್ಕೊಂಡು ಪೂರ್ತಿ ಅನಾಲಿಸಿಸ್ ಸ್ಕ್ರಿಪ್ಟ್ ಬರೆದು ರನ್ ಮಾಡಿದೆ, ಸ್ಕ್ರಿಪ್ಟ್‌ಗೆ 'ತುಂಬಾ ಸ್ಲೋ' ಅಂದ್ರೆ ಅರ್ಥ ಆಗಲ್ವಲ್ಲ, ನಂಬರೇ ಬೇಕು, ಹಂಗಾಗಿ ಎಲ್ಲೆಲ್ಲಿ ನಾನು ತೇಲಿಸಿಬಿಟ್ಟಿದ್ದೆ ಅಂತ ತಾನಾಗೇ ಗೊತ್ತಾಯ್ತು. ಆ ಸ್ಕ್ರಿಪ್ಟನ್ನೂ ಫಾರ್ಮ್ ಜೊತೆ ಸೇರಿಸ್ದೆ.

ಡೇಟಾನ ಎಲ್ರಿಗೂ ಸಿಗೋ ಹಾಗೆ ಓಪನ್ ಮಾಡೋದು ಇನ್ನೊಂದು ಕಥೆ. ಮೊದಲ ಸ್ಟಡಿದು ಹಾಕೋಕೇ ಆಗ್ಲಿಲ್ಲ, ಕನ್ಸೆಂಟ್ ಫಾರ್ಮಲ್ಲಿ ಶೇರ್ ಮಾಡ್ತೀವಿ ಅನ್ನೋ ಸಾಲೇ ಇರ್ಲಿಲ್ಲ. ಎರಡನೇದ್ರಲ್ಲಿ ಹೆಸರು ತೆಗೆದ್ರೆ ಸಾಕು ಅಂದ್ಕೊಂಡೆ, ನೋಡಿದ್ರೆ ವಯಸ್ಸು, ಮಾತೃಭಾಷೆ, ಕೋರ್ಸ್ ಮೂರೂ ಸೇರಿದ್ರೆ ಒಬ್ಬರು ಯಾರು ಅಂತ ಲ್ಯಾಬಲ್ಲಿ ಎಲ್ರಿಗೂ ಗೊತ್ತಾಗ್ತಿತ್ತು. ವಯಸ್ಸನ್ನ ಗುಂಪು ಮಾಡಿ ಕೋರ್ಸ್ ಕಾಲಂ ತೆಗ್ದೆ. ಆಮೇಲೆ ಫ್ರೆಂಡ್ ಒಬ್ಳಿಗೆ ಕೋಡ್ ಕೊಟ್ರೆ ಮೊದಲ್ನೇ ಸಾಲಲ್ಲೇ ನಿಂತೋಯ್ತು, ನನ್ ಲ್ಯಾಪ್‌ಟಾಪಿನ ಫೋಲ್ಡರ್ ಹೆಸರು ಅದ್ರಲ್ಲಿತ್ತು. "ಡೇಟಾದಲ್ಲಿ ಈ 'ವಿ3 ಫೈನಲ್2' ಕಾಲಂ ಅಂದ್ರೆ ಏನೇ?" ಅಂತ ಬೇರೆ ಕೇಳಿದ್ಲು. ನಂಗೂ ಗೊತ್ತಿಲ್ಲ. ಕೋಡ್‌ಬುಕ್‌ನಲ್ಲಿ (ಯಾವ ಕಾಲಂ ಏನು ಅಂತ ಹೇಳೋ ಪಟ್ಟಿ) ಆ ಕಾಲಂ ಮುಂದೆ 'ನೆನಪಿಲ್ಲ, ಅನಾಲಿಸಿಸ್‌ಗೆ ಬಳಸಿಲ್ಲ' ಅಂತ ಹಂಗೇ ಬರ್ದಿದೀನಿ.