ಮೇಲೆ ಒಣಗಿತ್ತು, ಒಳಗೆ ಹಸಿ ಇತ್ತು

ಕಲಬುರಗಿಯ ಬೇಸಿಗೆ ಬಿಸಿಲು ಕಂಡವರಿಗೆ ಕಾಂಕ್ರೀಟಿನ ಹಸಿ ಪರೀಕ್ಷೆ ಮಾಡಬೇಕು ಅಂದರೆ ನಂಬಿಕೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಬಾಗಿಲು, ಚೌಕಟ್ಟು, ಮಂಚ ಮಾಡಿಕೊಂಡಿದ್ದ ಬಡಿಗ ನಾನು. ಮರದ ನೆಲಹಾಸಿನ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಸೇಡಂ ರಸ್ತೆ ಕಡೆಯ ಒಂದು ಹೊಸ ಮನೆಯಲ್ಲಿ, ಕೆಳಗಿನ ಹಾಲ್‌ಗೆ. ಕಾಂಕ್ರೀಟ್ ಹಾಕಿ ಎರಡು ತಿಂಗಳಾಗಿತ್ತು. ಕೈಯಾಡಿಸಿದರೆ ಬಿಳಿ ಧೂಳು ಬರುತ್ತಿತ್ತು. ಮೇ ತಿಂಗಳಲ್ಲಿ ಸಾಗವಾನಿ ಹಲಗೆ ಅಂಟಿಸಿ, ಪಾಲಿಶ್ ಹೊಡೆದು ಬಂದೆ.

ಸೆಪ್ಟೆಂಬರ್ ಮಳೆಯಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಹಲಗೆಗಳೆಲ್ಲ ಅಂಚು ಎದ್ದು ನಡು ತಗ್ಗಿ ಮೊರದ ಹಾಗೆ ನಿಂತಿದ್ದವು. ಒಂದನ್ನು ಕಿತ್ತೆ. ಕೆಳಮೈ ತಣ್ಣಗೆ, ಮುಗ್ಗಲು ವಾಸನೆ. ಅಷ್ಟನ್ನೂ ನನ್ನ ಖರ್ಚಿನಲ್ಲೇ ಕಿತ್ತು ಕೊಟ್ಟೆ. ಅವರು ಶಹಾಬಾದ್ ಫರಸಿ ಹಾಕಿಸಿಕೊಂಡರು. ಫರಸಿ ಹಸಿಯನ್ನು ತಾಳುತ್ತದೆ, ಮರ ತಾಳುವುದಿಲ್ಲ.

ಆಮೇಲೆ ಕಲಿತದ್ದು ಇದು. ನೀರು ಹೊಡೆಯುವುದು ನಿಲ್ಲಿಸಿದ ಮೇಲೆ ಕಾಂಕ್ರೀಟ್ ಒಣಗಲು ಇಂಚಿಗೆ ಸುಮಾರು ಒಂದು ತಿಂಗಳು ಬೇಕು. ನಾಲ್ಕು ಇಂಚಿಗೆ ನಾಲ್ಕು ತಿಂಗಳು, ಅದೂ ಅಂದಾಜು ಮಾತ್ರ. ಬಿಸಿಲು ಮೇಲ್ಮೈಯನ್ನು ಬೇಗ ಒಣಗಿಸುತ್ತದೆ, ಒಳಗಿನ ನೀರು ಅಲ್ಲೇ ಇರುತ್ತದೆ. ಮೇಲೆ ಹಲಗೆ ಮುಚ್ಚಿದ ಕೂಡಲೇ ಆ ನೀರಿಗೆ ಆರುವ ದಾರಿ ಇಲ್ಲ, ತಳದಿಂದ ಮೇಲಕ್ಕೆ ಸಮನಾಗುತ್ತ ಬರುತ್ತದೆ. ನಮ್ಮಲ್ಲಿ ಇನ್ನೊಂದು ಕಷ್ಟ ಎರೆ ಮಣ್ಣು. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ಬೇಗ ಬಿಡುವುದಿಲ್ಲ. ಹಾಗಾಗಿ ಈಗ ನನ್ನ ಮೊದಲ ಪ್ರಶ್ನೆ ಗೌಂಡಿಗೆ: "ಕಾಕಾ, ಕಾಂಕ್ರೀಟ್ ತಳಕ್ಕ ಪ್ಲಾಸ್ಟಿಕ್ ಹಾಳಿ ಹಾಸಿದ್ರೇನು?" ಇಲ್ಲ ಅಂದರೆ ಎಷ್ಟು ತಿಂಗಳು ಕಾದರೂ ಕೆಳಗಿನಿಂದ ಹಸಿ ಏರುತ್ತಲೇ ಇರುತ್ತದೆ.

ಹೋದ ವರ್ಷ ಒಬ್ಬ ನಿವೃತ್ತ ಮೇಷ್ಟ್ರ ಮನೆ. ಕಾಕಾ ಹಾಳೆ ಹಾಸಿರಲಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಕಡೆ ಟೇಪ್ ಒತ್ತಿ ಮರುದಿನ ತೆಗೆದೆ (ಕನಿಷ್ಠ 16 ಗಂಟೆ ಬಿಡಬೇಕು). ಒಂದು ಹನಿಯೂ ಇಲ್ಲ. ಮೇಷ್ಟ್ರು, "ನೋಡಪ್ಪಾ, ಒಣಗ್ಯಾದ. ಮಗಳ ಮದುವಿ ಮುಂದ ಅದ" ಅಂದರು. "ಸರ್, ದಪ್ಪ ರೊಟ್ಟಿ ಮ್ಯಾಲ ಬೆಂದ್ರೂ ನಡುವ ಹಸಿ ಇರ್ತದಲ್ರಿ, ಹಂಗ" ಅಂದೆ. ಹಾಳೆಯಲ್ಲಿ ಹನಿ ಕಂಡರೆ ಹಸಿ ಖಂಡಿತ. ಕಾಣದಿದ್ದರೆ ಒಣಗಿದೆ ಅಂತ ಹೇಳಲಾಗದು. ಮರದ ತೇವ ನೋಡಲು ಚುಚ್ಚುವ ಸೂಜಿ ಮೀಟರನ್ನೂ ನಾನು ಕಾಂಕ್ರೀಟಿಗೆ ನಂಬುವುದಿಲ್ಲ, ಅದರ ಅಂಕಿ ಮರಕ್ಕಾಗಿ ಮಾಡಿದ್ದು.

ಎರಡು ದಿನ ಕಿಟಕಿ ಮುಚ್ಚಿ, ಮನೆಯಲ್ಲಿ ವಾಸವಿದ್ದಾಗ ಇರುವ ಹಾಗೆ ಎಸಿ ಹಾಕಿಟ್ಟೆ. ಆಮೇಲೆ ಡ್ರಿಲ್. ಮೇಲಿನಿಂದ ಮಾತ್ರ ಆರುವ ನೆಲದಲ್ಲಿ ದಪ್ಪದ ಶೇ. 40ರಷ್ಟು ಆಳ ಕೊರೆಯಬೇಕು, 100 ಮಿ.ಮೀ. ನೆಲಕ್ಕೆ 40 ಮಿ.ಮೀ. ಮೂರು ಕಡೆ ಕೊರೆದು, ಧೂಳು ಪೂರ್ತಿ ತೆಗೆದು, ಕೊಳವೆ ಇಳಿಸಿ, ಬಾಯಿ ಮುಚ್ಚಿ 24 ಗಂಟೆ ಬಿಟ್ಟೆ. ಈ ಕಾಯುವಿಕೆ ತಪ್ಪಿಸಬಾರದು. ಕೊರೆದ ಬಿಸಿ ಆರಿ ರಂಧ್ರದೊಳಗಿನ ತೇವ ಸ್ಥಿರವಾಗಬೇಕು. ತೇವ ಅಳೆಯುವ ಕಡ್ಡಿ, ಅಂದರೆ ಪ್ರೋಬ್, ಇಳಿಸಿದಾಗ ರಂಧ್ರದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 87, 89, 91 ಅಂತ ತೋರಿಸಿತು. ಮರಕ್ಕೆ 75ರ ಆಸುಪಾಸು ಬೇಕು. ಅಂಟಿನ ಡಬ್ಬಿಯ ಮೇಲೆ ಕಂಪನಿಯವರೇ ಮಿತಿ ಬರೆದಿರುತ್ತಾರೆ, ಅದನ್ನೇ ಹಿಡಿಯಬೇಕು. ಪ್ರೋಬನ್ನು ಮೇಷ್ಟ್ರ ಕೈಗೇ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ಮದುವಿಗೆ ಜಮಖಾನಿ ಹಾಸೋಣ ಬಿಡು" ಅಂದರು.

ಆರು ವಾರ ಬಿಟ್ಟು ನೋಡಿದಾಗ 84. ತಳದಲ್ಲಿ ಹಾಳೆ ಇಲ್ಲದ್ದರಿಂದ ಇನ್ನು ಕಾದು ಪ್ರಯೋಜನವಿಲ್ಲ ಅನ್ನಿಸಿತು. ಮೇಲ್ಮೈ ಉಜ್ಜಿ, ಹಸಿ ತಡೆಯುವ ಎಪಾಕ್ಸಿ ಎರಡು ಕೋಟ್ ಹೊಡೆದು, ಗೋಡೆಯ ಬುಡದ ಸಂದುಗಳಿಗೆ ಬ್ರಶ್ಶಿನಿಂದಲೇ ತುಂಬಿದೆ. ಸಾಮಾನ್ಯ ಬಣ್ಣ ಈ ಕೆಲಸಕ್ಕೆ ಬಾರದು. ಹಲಗೆಗಳನ್ನು ಅದೇ ಕೋಣೆಯಲ್ಲಿ ಸಂದು ಬಿಟ್ಟು ಪೇರಿಸಿ, ಸೂಜಿ ಮೀಟರಿನಲ್ಲಿ ಮರದ ಅಂಕಿ ಒಂದೇ ಕಡೆ ನಿಂತ ಮೇಲೆ ಹಾಸಿದೆ.

ಈ ಮಳೆಗಾಲದಲ್ಲಿ ಎರಡು ಸಲ ಹೋಗಿ ಹಲಗೆಗಳ ಮೇಲೆ ಅಡ್ಡಕ್ಕೆ ನೇರ ಪಟ್ಟಿ ಇಟ್ಟು ನೋಡಿದೆ. ಕಾಗದ ತೂರುವಷ್ಟೂ ಸಂದಿಲ್ಲ.